ಗಣಿ ಮುಚ್ಚಿದ ಊರುಗಳಲ್ಲಿ, ರಗ್ಬಿ ಕ್ಲಬ್ಬುಗಳ ಜಾಡಿನಲ್ಲಿ

ಗುರುವಾರ, ಹಡರ್ಸ್‌ಫೀಲ್ಡ್

ರೈಲು ನಿಲ್ದಾಣದಿಂದ ಹೊರಬಿದ್ದ ಕೂಡಲೇ ಕಲ್ಲುಹಾಸಿನ ದೊಡ್ಡ ಚೌಕ ಎದುರಾಗುತ್ತದೆ. ಅಲ್ಲಿ ಇದೇ ಊರಿನಲ್ಲಿ ಹುಟ್ಟಿ ಬ್ರಿಟನ್ನಿನ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ ಅವರ ಪ್ರತಿಮೆ, ಮಗ್ಗುಲಲ್ಲಿ ಜಾರ್ಜ್ ಹೋಟೆಲ್. ಹೋಟೆಲು 2013ರಲ್ಲಿ ಬಾಗಿಲು ಹಾಕಿತು. ಸ್ಥಳೀಯ ಆಡಳಿತ ಅದನ್ನು ಕೊಂಡು ದುರಸ್ತಿಗೆ ಕೊಟ್ಟಿರುವುದರಿಂದ ಒಳಗೆ ಕಾಲಿಡುವಂತಿರಲಿಲ್ಲ. ಹೊರಗಿನಿಂದಲೇ ಸುತ್ತು ಹಾಕಿ, ಎದುರಿನ ಕಟ್ಟೆಯ ಮೇಲೆ ಕುಳಿತೆ.

1895ರ ಆಗಸ್ಟ್ 29ರಂದು ಈ ಕಟ್ಟಡದಲ್ಲಿ ಉತ್ತರ ಇಂಗ್ಲೆಂಡಿನ ರಗ್ಬಿ ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ದಕ್ಷಿಣದ ದೊರೆಗಳಿಗೆ ಸಲಾಮು ಹೊಡೆಯುವುದನ್ನು ನಿಲ್ಲಿಸಿದರು. ಜಗಳ ಕೂಲಿಯದು. ಆಗ ಶನಿವಾರವೂ ಅರ್ಧ ದಿನ ಗಿರಣಿ, ಗಣಿಗಳಲ್ಲಿ ಕೆಲಸ. ಪಂದ್ಯಕ್ಕೆ ಹೋದ ಕಾರ್ಮಿಕನಿಗೆ ಆ ಹೊತ್ತಿನ ಕೂಲಿ ಹೋಗುತ್ತಿತ್ತು. ಅಷ್ಟನ್ನು ಭರ್ತಿ ಮಾಡಿಕೊಡೋಣ, ದಿನಕ್ಕೆ ಆರು ಶಿಲಿಂಗ್ ಸಾಕು ಎಂದು ಉತ್ತರದವರು ಕೇಳಿದರು. ಹಣ ಮುಟ್ಟಿದರೆ ಆಟ ಮೈಲಿಗೆಯಾಗುತ್ತದೆ ಎಂದು ಆಗ ಆಟವನ್ನು ಆಳುತ್ತಿದ್ದ ರಗ್ಬಿ ಯೂನಿಯನ್ನಿನ ಹಿರಿಯರು ಹಟ ಹಿಡಿದರು. 22 ಕ್ಲಬ್ಬುಗಳು ಹೊರನಡೆದು ‘ನಾರ್ದರ್ನ್ ಯೂನಿಯನ್’ ಕಟ್ಟಿದವು. ಇಂದಿನ ರಗ್ಬಿ ಲೀಗ್ ಹುಟ್ಟಿದ್ದು ಹಾಗೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಕಬಡ್ಡಿಯ ರೈಡರ್ ಎದುರಾಳಿಗಳ ಗೋಡೆಗೆ ನುಗ್ಗುವ ಹಾಗೆ ಇಲ್ಲಿ ಚೆಂಡು ಹಿಡಿದವನು ನುಗ್ಗುತ್ತಾನೆ, ಎದುರಿನವರು ತಬ್ಬಿ ಕೆಡವುತ್ತಾರೆ. ಕೆಡವಿದರೆ ಔಟಿಲ್ಲ. ಅವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿದರೆ ಆಟ ಮುಂದುವರಿಯುತ್ತದೆ. ಆರನೆಯ ಸಲ ಕೆಡವಿದಾಗ ಚೆಂಡು ಎದುರಾಳಿಯ ಪಾಲು. ತಂಡಕ್ಕೆ 13 ಮಂದಿ. ಕೈಯಿಂದ ಚೆಂಡು ಕೊಡುವುದು ಹಿಂದಕ್ಕೆ ಮಾತ್ರ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ‘ಟ್ರೈ’, ನಾಲ್ಕು ಅಂಕ. ಇಷ್ಟು ತಿಳಿದರೆ ಯಾವ ಪಂದ್ಯವನ್ನಾದರೂ ನೋಡಬಹುದು.

ಆ 22 ಕ್ಲಬ್ಬುಗಳ ಪಟ್ಟಿಯನ್ನು ನಾನು ಬರೆದುಕೊಂಡು ಬಂದಿದ್ದೆ. ಬ್ರಿಗ್‌ಹೌಸ್ ರೇಂಜರ್ಸ್, ಲಿವರ್‌ಸೆಡ್ಜ್, ಟಿಲ್ಡ್‌ಸ್ಲಿ, ಬ್ರಾಟನ್ ರೇಂಜರ್ಸ್ ಎಲ್ಲ ವೃತ್ತಿಪರ ಪಟ್ಟಿಯಿಂದ ಅಳಿಸಿಹೋಗಿವೆ. ಮ್ಯಾನಿಂಗ್‌ಹ್ಯಾಮ್ 1903ರಲ್ಲಿ ಆಟವನ್ನೇ ಬದಲಿಸಿ ಬ್ರ್ಯಾಡ್‌ಫರ್ಡ್ ಸಿಟಿ ಎಂಬ ಫುಟ್‌ಬಾಲ್ ಕ್ಲಬ್ಬಾಯಿತು. ಉಳಿದವುಗಳಲ್ಲಿ ವಿಗನ್, ಲೀಡ್ಸ್, ಸೇಂಟ್ ಹೆಲೆನ್ಸ್ ದೊಡ್ಡವಾದವು. ಬ್ಯಾಟ್ಲಿ, ಹನ್ಸ್‌ಲೆಟ್, ರೋಚ್‌ಡೇಲ್ ಹಾರ್ನೆಟ್ಸ್ ಸಣ್ಣವಾಗಿ ಉಳಿದವು. ಅಂಥ ಸಣ್ಣವುಗಳ ಊರುಗಳನ್ನು ನೋಡುವುದೇ ಈ ಪ್ರವಾಸದ ಉದ್ದೇಶ. ತಂಗಿ ವೇಕ್‌ಫೀಲ್ಡ್‌ನಲ್ಲಿ ನರ್ಸ್. ಅವಳ ಒಂಬತ್ತು ವರ್ಷದ ಮಗಳು ಇಂಚರ ಈ ಆಟ ಆಡುತ್ತಾಳೆ. ವೀಡಿಯೊ ಕರೆಯಲ್ಲಿ “ಮಾಮ, ನೀನು ಬಂದು ನೋಡಲೇಬೇಕು” ಎಂದು ವರ್ಷದಿಂದ ಹೇಳುತ್ತಿದ್ದಳು. ಹೀಗೆ 2025ರ ಜೂನ್ ತಿಂಗಳಲ್ಲಿ ಬಂದೆ.

ಶುಕ್ರವಾರ, ಬ್ಯಾಟ್ಲಿ

ಬ್ಯಾಟ್ಲಿ ಗುಡ್ಡದ ಊರು. 1813ರಲ್ಲಿ ಬೆಂಜಮಿನ್ ಲಾ ಎಂಬಾತ ಇಲ್ಲಿ ಹಳೆಯ ಉಣ್ಣೆಬಟ್ಟೆಯ ಚಿಂದಿಯನ್ನು ಬಿಡಿಸಿ, ಹೊಸ ಉಣ್ಣೆಯೊಂದಿಗೆ ಬೆರೆಸಿ ಮತ್ತೆ ನೇಯುವ ಕಲೆ ಕಂಡುಹಿಡಿದ. ‘ಶಾಡಿ’ ಎಂಬ ಆ ಬಟ್ಟೆಯಿಂದ ಊರು ಬೆಳೆಯಿತು. ಗಿರಣಿಗಳು ನಿಂತಿವೆ, ಕೆಲವು ಕಟ್ಟಡಗಳಲ್ಲಿ ಈಗ ಪೀಠೋಪಕರಣದ ಅಂಗಡಿಗಳು.

ಮೈದಾನದ ಹೆಸರು ಮೌಂಟ್ ಪ್ಲೆಸೆಂಟ್. ಹೆಸರಿಗೆ ತಕ್ಕಂತೆ ದಿಣ್ಣೆಯ ಮೇಲಿದೆ. ಇದರ ಇಳಿಜಾರಿನ ಬಗ್ಗೆ ಕೇಳಿದ್ದೆ, ಆದರೆ ಕಣ್ಣಾರೆ ಕಂಡಾಗ ಬೇರೆಯೇ. ಮೇಲಿನ ಮೂಲೆಯ ಧ್ವಜದ ಬಳಿ ನಿಂತರೆ ಎದುರು ಮೂಲೆ ತಗ್ಗಿನಲ್ಲಿ ಕಾಣುತ್ತದೆ. ಹುಲ್ಲಿನ ಮೇಲೆ ಚೆಂಡಿಟ್ಟರೆ ತಾನಾಗಿ ಉರುಳೀತು ಎನ್ನಿಸುತ್ತದೆ. ಅರ್ಧ ಪಂದ್ಯ ಇಳುಕಲಿಗೆ, ಅರ್ಧ ಪಂದ್ಯ ಏರಿಗೆ. ಹೊರಗಿನಿಂದ ಬಂದ ತಂಡಗಳಿಗೆ ಇದು ತಲೆನೋವು, ಬ್ಯಾಟ್ಲಿಯವರಿಗೆ ಹುಟ್ಟುಗುಣ. 1897ರಲ್ಲಿ ಮೊಟ್ಟಮೊದಲ ಚಾಲೆಂಜ್ ಕಪ್ (ಸೋತವರು ಹೊರಬೀಳುವ ನಾಕೌಟ್ ಪಂದ್ಯಾವಳಿ) ಗೆದ್ದದ್ದು ಇದೇ ಕ್ಲಬ್ಬು, ಸೇಂಟ್ ಹೆಲೆನ್ಸ್ ವಿರುದ್ಧ 10–3.

ಪಂದ್ಯ ಇರಲಿಲ್ಲ. ಗೇಟಿನ ಬಳಿ ಎಪ್ಪತ್ತು ದಾಟಿದ ಒಬ್ಬರು ಕಬ್ಬಿಣದ ಕಂಬಿಗೆ ಬಣ್ಣ ಬಳಿಯುತ್ತಿದ್ದರು. ಸಂಬಳವಿಲ್ಲದ ಕೆಲಸ, ನಿವೃತ್ತರಾದ ಮೇಲೆ ವಾರಕ್ಕೆರಡು ದಿನ ಬರುತ್ತಾರಂತೆ. ಭಾರತದಿಂದ ಬಂದವನು ಎಂದಾಗ ಬ್ರಷ್ ಕೆಳಗಿಟ್ಟು ಮೈದಾನವೆಲ್ಲ ತಿರುಗಿಸಿದರು. ನಾನು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಕೇಳಿದೆ: ಹೊಸ ಅಂಕಪದ್ಧತಿ ನಿಮಗೇನು ಮಾಡಿದೆ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2022ರಲ್ಲಿ ಇಲ್ಲಿನ ರಗ್ಬಿ ಲೀಗ್ ಆಡಳಿತ ಐಎಂಜಿ ಎಂಬ ಅಂತಾರಾಷ್ಟ್ರೀಯ ಕ್ರೀಡಾ ವ್ಯಾಪಾರ ಸಂಸ್ಥೆಯೊಂದಿಗೆ 12 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಕ್ಲಬ್ಬುಗಳು ಮತ ಹಾಕಿ ಅದರ ಯೋಜನೆಯನ್ನು ಒಪ್ಪಿದವು. ಅದುವರೆಗೆ ಕೆಳಗಿನ ವಿಭಾಗದಲ್ಲಿ ಗೆದ್ದವರು ಮೇಲಕ್ಕೆ, ಮೇಲೆ ಕೊನೆಯಾದವರು ಕೆಳಕ್ಕೆ. 2025ರ ಆಟಕ್ಕೆ ಮಾತ್ರ ಎಲ್ಲಕ್ಕೂ ಮೇಲಿನ ವಿಭಾಗವಾದ ಸೂಪರ್ ಲೀಗಿನಲ್ಲಿ ಯಾರಿರಬೇಕೆಂಬುದನ್ನು 20 ಅಂಕಗಳ ಪಟ್ಟಿ ನಿರ್ಧರಿಸಿತು. ಆಟದ ಸಾಧನೆಗೆ 5, ಅಭಿಮಾನಿ ಬಳಗಕ್ಕೆ 5, ಹಣಕಾಸಿಗೆ 4.5, ಕ್ರೀಡಾಂಗಣಕ್ಕೆ 3, ಸಮುದಾಯಕ್ಕೆ 2.5. ಅಭಿಮಾನಿ ಬಳಗ ಎಂದರೆ ಪ್ರೇಕ್ಷಕರ ಸಂಖ್ಯೆಯ ಜೊತೆಗೆ ಟಿವಿ ವೀಕ್ಷಣೆ, ಸಾಮಾಜಿಕ ಜಾಲತಾಣದ ಲೆಕ್ಕ. ಕ್ರೀಡಾಂಗಣ ಎಂದರೆ ದೊಡ್ಡ ಪರದೆ, ಎಲ್‌ಇಡಿ ಫಲಕ ಇತ್ಯಾದಿ. ಸಮುದಾಯದ ಅಂಕದಲ್ಲಿ ಸುತ್ತಲಿನ ಜನಸಂಖ್ಯೆಯೂ ಸೇರಿದೆ. 15 ದಾಟಿದರೆ ‘ಎ’ ದರ್ಜೆ.

“ಆಟ ಕಲಿಸಬಹುದು. ಊರಿನ ಜನಸಂಖ್ಯೆಯನ್ನು ನಾನು ಎಲ್ಲಿಂದ ತರಲಿ?” ಎಂದರು ಆ ಹಿರಿಯರು.

ಇದೇ ಬ್ಯಾಟ್ಲಿ 2022ರಲ್ಲಿ ಎರಡನೆಯ ವಿಭಾಗದ ಗ್ರ್ಯಾಂಡ್ ಫೈನಲ್ ತಲುಪಿತ್ತು. ಲೀ ತಂಡದ ಎದುರು 44–12ರಿಂದ ಸೋತರೂ, ಗೆದ್ದರೆ ಮೇಲಕ್ಕೆ ಎಂಬ ಒಂದು ಮಧ್ಯಾಹ್ನವಾದರೂ ಈ ಗುಡ್ಡದ ಜನಕ್ಕೆ ದಕ್ಕಿತ್ತು. ಗೆದ್ದ ಲೀ ಕೂಡ ಗಣಿ ಮತ್ತು ಗಿರಣಿಗಳ ಊರೇ. ಮೇಲೆ ಹೋದ ಮರುವರ್ಷವೇ, 2023ರಲ್ಲಿ, ಅದು ಚಾಲೆಂಜ್ ಕಪ್ಪನ್ನೇ ಗೆದ್ದಿತು. ಅಂಕಪಟ್ಟಿಯ ಪರವಾಗಿ ಯಾರೇ ವಾದಿಸಲಿ, ಲೀ ನೆನಪಿಗೆ ಬಂದ ಕೂಡಲೇ ನನ್ನ ಮನಸ್ಸು ಒಪ್ಪುವುದಿಲ್ಲ.

ಇಳಿದು ಬರುವಾಗ ಒಂದು ಅಂಗಡಿಯಲ್ಲಿ ಸಮೋಸಾ ಕೊಂಡೆ. ಬ್ಯಾಟ್ಲಿಯಲ್ಲಿ ಗುಜರಾತಿ ಮುಸ್ಲಿಮರ ದೊಡ್ಡ ಬಳಗವಿದೆ, ಗಿರಣಿ ಕೆಲಸಕ್ಕೆಂದು ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳು. ಅಂಗಡಿಯವರ ಹಿರಿಯರು ಭರೂಚ್ ಕಡೆಯವರು. ಹಿಂದಿಯಲ್ಲಿ ಮಾತಾಡಿದೆವು. ಮೈದಾನ ಅಂಗಡಿಯಿಂದ ಕೂಗಳತೆ, ಆದರೂ ಒಂದು ಪಂದ್ಯಕ್ಕೂ ಅವರು ಹೋಗಿಲ್ಲ. “ಯಾರೂ ಕರೆಯಲಿಲ್ಲ ಭಾಯ್, ನಾವೂ ಹೋಗಲಿಲ್ಲ” ಎಂದರು. ಕ್ಲಬ್ಬಿನವರು ಶಾಲೆಗೆ ಬಂದು ಚೆಂಡು ಹಿಡಿಸಿದ ಮೇಲೆ ಅವರ ಮಗ ಮಾತ್ರ ಹೋಗಬೇಕೆಂದು ಕೇಳುತ್ತಿದ್ದಾನಂತೆ. ಇಕ್ರಾಮ್ ಬಟ್ ಹೆಸರು ಹೇಳಿದೆ. 1995ರಲ್ಲಿ ಇಂಗ್ಲೆಂಡ್ ರಗ್ಬಿ ಲೀಗ್ ತಂಡಕ್ಕೆ ಆಡಿದ ಮೊದಲ ದಕ್ಷಿಣ ಏಷ್ಯಾ ಮೂಲದ ಆಟಗಾರ, ಫೆದರ್‌ಸ್ಟೋನ್ ಪರ ಆಡಿದವರು. ಅಂಗಡಿಯವರಿಗೆ ಗೊತ್ತಿತ್ತು, ಮುಖ ಅರಳಿತು. ಈ ಕ್ಲಬ್ಬುಗಳ ಮುಂದಿನ ಅಭಿಮಾನಿಗಳು ಯಾರು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಈ ಬೀದಿಯಲ್ಲಿದೆ. ಪರದೆಗೆ ಸುರಿಯುವ ಹಣದಲ್ಲಿ ಒಂದಿಷ್ಟನ್ನು ಈ ಮನೆಗಳ ಬಾಗಿಲು ತಟ್ಟುವುದಕ್ಕೆ ಖರ್ಚು ಮಾಡಿದರೆ ಸಾರ್ಥಕವಾಗುತ್ತದೆ.

ಶನಿವಾರ, ಫೆದರ್‌ಸ್ಟೋನ್

ವೇಕ್‌ಫೀಲ್ಡ್ ಕರ್ಕ್‌ಗೇಟ್ ನಿಲ್ದಾಣದಿಂದ ಸಣ್ಣ ರೈಲು. ಇಡೀ ಪ್ರವಾಸದಲ್ಲಿ ನಾನು ಎದುರು ನೋಡುತ್ತಿದ್ದ ಊರು ಇದೇ. ಸುಮಾರು 15 ಸಾವಿರ ಜನ. ಇಂಥ ಊರು ಮೂರು ಸಲ ಚಾಲೆಂಜ್ ಕಪ್ ಗೆದ್ದಿದೆ (1967, 1973, 1983), 1977ರಲ್ಲಿ ಇಡೀ ಲೀಗನ್ನೇ ಗೆದ್ದಿದೆ. ಆಟಗಾರ ಬೇಕಾದರೆ ಗಣಿಯ ಬಾಯಿಗೆ ಹೋಗಿ ಕೂಗಿದರೆ ಸಾಕು ಎಂಬ ಮಾತು ಈ ಕಡೆ ಚಾಲ್ತಿಯಲ್ಲಿತ್ತು.

ಮಧ್ಯಾಹ್ನ ಮೊದಲು ಸಾರ್ವಜನಿಕ ಮೈದಾನವೊಂದರಲ್ಲಿ ಹವ್ಯಾಸಿ ತಂಡಗಳ ಪಂದ್ಯ ನೋಡಿದೆ. ಟಿಕೆಟ್ ಇಲ್ಲ, ಆಸನ ಇಲ್ಲ, ಗೆರೆಗೆ ಕಟ್ಟಿದ ಹಗ್ಗವೇ ಗ್ಯಾಲರಿ. ಟಿವಿಯಲ್ಲಿ ಕೇಳಿಸದ ಸದ್ದು ಇಲ್ಲಿ ಕೇಳುತ್ತದೆ: ಎರಡು ಎದೆಗಳು ಡಿಕ್ಕಿಯಾದಾಗಿನ ‘ಧಪ್’, ಅದರ ಬೆನ್ನಿಗೇ ಕೆಳಗೆ ಬಿದ್ದವನ ಶ್ವಾಸಕೋಶದಿಂದ ಹೊರಬಿದ್ದ ಗಾಳಿಯ ಸದ್ದು. ಹತ್ತು ಹೆಜ್ಜೆ ದೂರದಲ್ಲಿ ಒಬ್ಬ ಹುಡುಗ ಬಿದ್ದು, ಹುಬ್ಬು ಸೀಳಿ, ರಕ್ತ ಒರೆಸಿಕೊಂಡು ಅಂಚಿಗೆ ಬಂದ. ತಾಯಿಯಿರಬೇಕು, ಒಬ್ಬಾಕೆ ಬಕೆಟ್ಟಿನ ನೀರಲ್ಲಿ ಸ್ಪಂಜು ಅದ್ದಿ ಒರೆಸಿ, ವ್ಯಾಸಲೀನ್ ಮೆತ್ತಿ, ಪಟ್ಟಿ ಸುತ್ತಿ, ಬೆನ್ನಿಗೆ ಒಂದು ತಟ್ಟಿದರು. ಮರುಗಳಿಗೆ ಅವನು ಮತ್ತೆ ಸಾಲಿನಲ್ಲಿದ್ದ. ಪಂದ್ಯ ಮುಗಿದ ಮೇಲೆ ಎರಡೂ ತಂಡದವರಿಗೂ ಒಂದೇ ಪಾತ್ರೆಯಿಂದ ಊಟ ಬಡಿಸಿದರು. ನನಗೂ ಒಂದು ತಟ್ಟೆ ಬಂತು: ಚೀಸು, ಈರುಳ್ಳಿ ತುಂಬಿದ ಪೈ, ಬೇಯಿಸಿ ಮಸೆದ ಬಟಾಣಿ, ಮೇಲೆ ಪುದಿನಾ ಸಾಸ್. ಇಲ್ಲಿಯ ಹುಡುಗರೇ ನಾಳೆ ದೊಡ್ಡ ಕ್ಲಬ್ಬುಗಳ ಅಂಗಿ ತೊಡುವವರು. ಮೇಲಿನವರಿಗೆ ಆಟಗಾರರು ಬೇಕು, ಆಟಗಾರರನ್ನು ಹೆರುವ ಊರಿಗೆ ಮಾತ್ರ ಅಂಕ ಕಡಿಮೆ.

ಅಲ್ಲಿಂದ ಪೋಸ್ಟ್ ಆಫೀಸ್ ರೋಡ್ ಮೈದಾನಕ್ಕೆ ನಡೆದೆ. ಪ್ರಾಯೋಜಕರ ಹೆಸರು ಬಂದು ಹೋಗುತ್ತವೆ, ಜನ ಕರೆಯುವುದು ಬೀದಿಯ ಹೆಸರಿನಿಂದ. ಸುತ್ತ ಇಟ್ಟಿಗೆಯ ಸಾಲುಮನೆಗಳು, ಹಿತ್ತಿಲಿಗೆ ಅಂಟಿಕೊಂಡಂತೆ ಗ್ಯಾಲರಿ. ಅಲ್ಲಿನ ಕೆಲವು ಗ್ಯಾಲರಿಗಳ ಕಥೆ ಕೇಳಿ ನಾನು ತುಸು ಹೊತ್ತು ಸುಮ್ಮನಾದೆ. ಸ್ಕಾರ್‌ಬರೋ ಎಂಬ ಕಡಲತೀರದ ಊರಿನ ಫುಟ್‌ಬಾಲ್ ಕ್ಲಬ್ಬು 2007ರಲ್ಲಿ ಸಾಲದಲ್ಲಿ ಮುಳುಗಿ ಮುಚ್ಚಿಹೋಯಿತು. ಅದರ ಮೈದಾನದ ಗ್ಯಾಲರಿಗಳನ್ನು ಫೆದರ್‌ಸ್ಟೋನ್‌ನವರು ಕೊಂಡು, ಬಿಚ್ಚಿ, ಇಲ್ಲಿಗೆ ತಂದು ನಿಲ್ಲಿಸಿದರು. ಸತ್ತ ಕ್ಲಬ್ಬಿನ ಆಸನಗಳ ಮೇಲೆ ಬದುಕಿದ್ದ ಕ್ಲಬ್ಬಿನ ಜನ ಕುಳಿತು ಕೂಗುತ್ತಿದ್ದರು. ಇಂಥ ಜಾಣ್ಮೆಗೂ ಹಟಕ್ಕೂ ಯಾವ ಅಂಕಪಟ್ಟಿಯಲ್ಲೂ ಕಲಂ ಇಲ್ಲ.

ಮೈದಾನದ ಬಳಿಯ ಕ್ಲಬ್ಬಿನಲ್ಲಿ ಪರಿಚಯವಾದ ಹಿರಿಯರೊಬ್ಬರು ಆಕ್ಟನ್ ಹಾಲ್ ಗಣಿಯಲ್ಲಿ ದುಡಿದವರು. 1893ರಲ್ಲಿ, ಕಾರ್ಮಿಕರನ್ನು ಹೊರಗಿಟ್ಟು ಗಣಿ ಬಾಗಿಲು ಹಾಕಿದ್ದಾಗ, ಸೈನಿಕರು ಗುಂಡು ಹಾರಿಸಿ ಇಬ್ಬರನ್ನು ಕೊಂದದ್ದು ಇದೇ ಗಣಿಯ ಬಳಿ. 1985ರಲ್ಲಿ, ವರ್ಷವಿಡೀ ನಡೆದ ಮುಷ್ಕರ ಮುಗಿದ ಬೆನ್ನಿಗೇ, ಮೊದಲು ಮುಚ್ಚಿದ ಗಣಿಯೂ ಇದೇ. ನಾನು ಕೆಜಿಎಫ್‌ನಲ್ಲಿ ಬೆಳೆದವನು, ನಮ್ಮ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿದವರು ಎಂದೆ.

“ಎಷ್ಟು ಆಳ?”

“ಮೂರು ಕಿಲೋಮೀಟರಿಗೂ ಹೆಚ್ಚು.”

ಅವರು ಲೋಟ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. “ನಿಮ್ಮದು ಯಾವಾಗ ಮುಚ್ಚಿತು?” 2001 ಎಂದೆ. ಆಮೇಲೆ ನಾನು ಹೊರಗಿನವನಾಗಿ ಉಳಿಯಲಿಲ್ಲ.

1983ರ ಫೈನಲ್ಲಿಗೆ ಅವರು ವೆಂಬ್ಲಿಯಲ್ಲಿದ್ದರು. ಎದುರಿಗೆ ತಾರೆಗಳಿಂದ ತುಂಬಿದ ಹಲ್ ತಂಡ. ಫೆದರ್‌ಸ್ಟೋನ್ ಗೆಲ್ಲುತ್ತದೆಂದು ಪಂಟರುಗಳೂ ನಂಬಿರಲಿಲ್ಲ. ಡೇವಿಡ್ ಹಾಬ್ಸ್ ಎರಡು ಟ್ರೈ ಹೊಡೆದರು. ಕೊನೆಯ ನಿಮಿಷಗಳಲ್ಲಿ 12–12. ಪೆನಾಲ್ಟಿ ಸಿಕ್ಕಿತು, ಸ್ಟೀವ್ ಕ್ವಿನ್ ಒದ್ದರು, 14–12. ಚೆಂಡು ಕಂಬಗಳ ನಡುವೆ ಹಾದುಹೋದ ದಾರಿಯನ್ನು ಆ ಹಿರಿಯರು ತೋರುಬೆರಳಿನಿಂದ ಗಾಳಿಯಲ್ಲಿ ಎಳೆದು ತೋರಿಸಿದರು. ಗಾಯದ ಮೇಲೆ ಗಾಯದಂತೆ, ಹೋದ ಶನಿವಾರ ತಾನೇ ಇದೇ ವೆಂಬ್ಲಿಯಲ್ಲಿ, ಕೆಳಗಿನ ವಿಭಾಗಗಳ ಕ್ಲಬ್ಬುಗಳಿಗಾಗಿ ನಡೆಯುವ ‘1895 ಕಪ್’ ಫೈನಲ್ಲಿನಲ್ಲಿ ಯಾರ್ಕ್ ವಿರುದ್ಧ 5–4ರಿಂದ, ಬರೀ ಒಂದು ಅಂಕದಿಂದ ಫೆದರ್‌ಸ್ಟೋನ್ ಸೋತಿತ್ತು. ಅದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವರು ಸಿಟ್ಟಿನಿಂದ ಹೇಳಿದ್ದು 1995ರ ಕಥೆ. ಆ ಏಪ್ರಿಲ್‌ನಲ್ಲಿ ರೂಪರ್ಟ್ ಮರ್ಡೋಕರ ಸಂಸ್ಥೆ ಟಿವಿ ಹಕ್ಕಿಗಾಗಿ ಐದು ವರ್ಷಕ್ಕೆ 7.7 ಕೋಟಿ ಪೌಂಡ್ ಮುಂದಿಟ್ಟಿತು, ಬಳಿಕ ಅದು 8.7 ಕೋಟಿಗೆ ಏರಿತು. ಸೂಪರ್ ಲೀಗ್ ಎಂಬ ಹೊಸ ಪಂದ್ಯಾವಳಿ, ಚಳಿಗಾಲದ ಆಟ ಬೇಸಿಗೆಗೆ, ಜೊತೆಗೆ ಕ್ಲಬ್ಬುಗಳ ವಿಲೀನ. ಫೆದರ್‌ಸ್ಟೋನ್, ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್ ಮೂರೂ ಸೇರಿ ‘ಕಾಲ್ಡರ್’ ಎಂಬ ಒಂದೇ ತಂಡವಾಗಬೇಕಿತ್ತು. ತಲೆಮಾರುಗಳಿಂದ ಒಬ್ಬರ ಮೇಲೊಬ್ಬರು ಹಲ್ಲು ಕಡಿದುಕೊಂಡು ಬಂದ ಮೂರು ಊರುಗಳು! ಜನ ಫಲಕ ಹಿಡಿದು ಎದ್ದುನಿಂತರು. ವಿಲೀನ ಬಿದ್ದುಹೋಯಿತು. ಕ್ಲಬ್ಬು ಉಳಿಯಿತು, ಆದರೆ 1996ರಲ್ಲಿ ಶುರುವಾದ ಸೂಪರ್ ಲೀಗಿನ ಹೊರಗೆ ಉಳಿಯಿತು. ಇಂದಿಗೂ ಫೆದರ್‌ಸ್ಟೋನ್ ಅಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ.

ಅಂಕಪದ್ಧತಿಯವರ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಟಿವಿಯವರು ಕೊಡುವ ಹಣ ಕೆಲವು ವರ್ಷಗಳ ಹಿಂದಿದ್ದುದರ ಸುಮಾರು ಅರ್ಧಕ್ಕೆ ಇಳಿದಿದೆ. ಮೇಲೆ ಹೋದ ಸಣ್ಣ ಕ್ಲಬ್ಬು ಒಂದೇ ವರ್ಷದಲ್ಲಿ ತಂಡ ಕಟ್ಟಲು ಸಾಲ ಮಾಡಿ, ಕೆಳಗೆ ಬಿದ್ದು, ಸಾಲದಡಿ ಸಿಲುಕಿದ ಉದಾಹರಣೆಗಳು ಬೇಕಾದಷ್ಟಿವೆ. ದೊಡ್ಡ ವಿಭಾಗದಲ್ಲಿದ್ದ ಸಾಲ್‌ಫರ್ಡ್ 2025ರ ಮೊದಲ ಪಂದ್ಯಕ್ಕೆ ಹಣದ ತೊಡಕಿನಿಂದ ಎಳೆಯ ಹುಡುಗರನ್ನು ಇಳಿಸಬೇಕಾಗಿ ಬಂದು ಸೇಂಟ್ ಹೆಲೆನ್ಸ್ ವಿರುದ್ಧ 82–0ರಿಂದ ಸೋತಿತು. ಲೆಕ್ಕಪತ್ರ ನೆಟ್ಟಗಿರಬೇಕೆಂಬ ಷರತ್ತು ನ್ಯಾಯವೇ. ಆದರೆ ಊರಿನ ಗಾತ್ರ ಭದ್ರತೆಗೆ ಸಾಕ್ಷಿಯೇ? ಟೊರಾಂಟೊ ಎಂಬ ಮಹಾನಗರದ ತಂಡ 2017ರಲ್ಲಿ ಬಂದು, 2020ರಲ್ಲಿ ಸೂಪರ್ ಲೀಗ್ ಸೇರಿ, ಅದೇ ವರ್ಷ ನಡುವೆಯೇ ಹಿಂದೆ ಸರಿಯಿತು. ಫೆದರ್‌ಸ್ಟೋನ್ 1921ರಲ್ಲಿ ಲೀಗ್ ಸೇರಿ ಶತಮಾನಕ್ಕೂ ಹೆಚ್ಚು ಕಾಲ ಆಡಿತು. 2023ರಲ್ಲಿ ಲಂಡನ್ ತಂಡ ಗ್ರ್ಯಾಂಡ್ ಫೈನಲ್ ಗೆದ್ದು ಮೇಲೆ ಬಂತು, ಆದರೆ ಆ ಶರತ್ಕಾಲದ ತಾತ್ಕಾಲಿಕ ಅಂಕಪಟ್ಟಿಯಲ್ಲಿ ಅದರ ಸ್ಥಾನ 24. ಸೂಪರ್ ಲೀಗಿನಲ್ಲಿ ಮೊದಲ ಪಂದ್ಯ ಆಡುವ ಮುನ್ನವೇ ವರ್ಷ ಮುಗಿದರೆ ಕೆಳಗಿಳಿಯಬೇಕೆಂಬುದು ಆಟಗಾರರಿಗೂ ಅಭಿಮಾನಿಗಳಿಗೂ ಹೆಚ್ಚುಕಡಿಮೆ ಖಾತ್ರಿಯಾಗಿತ್ತು. ಅಂಥ ವರ್ಷದಲ್ಲಿ ಯಾರನ್ನು ನೆಚ್ಚಿ ಸೀಸನ್ ಟಿಕೆಟ್ ಕೊಳ್ಳಬೇಕು?

ಹೋದ ಶನಿವಾರದ ಚಾಲೆಂಜ್ ಕಪ್ ಫೈನಲ್ಲಿನ ವಿಷಯವನ್ನೂ ಇಲ್ಲೇ ಹೇಳಬೇಕು. ಹಲ್ ಕಿಂಗ್‌ಸ್ಟನ್ ರೋವರ್ಸ್ 8–6ರಿಂದ ವಾರಿಂಗ್ಟನ್ ತಂಡವನ್ನು ಸೋಲಿಸಿ 40 ವರ್ಷಗಳ ಬಳಿಕ ದೊಡ್ಡ ಕಪ್ಪೊಂದನ್ನು ಎತ್ತಿತು. 2016ರಲ್ಲಿ ಕೆಳಗೆ ಬಿದ್ದು, ಮರುವರ್ಷ ಆಡಿ ಗೆದ್ದು ಮೇಲೆ ಬಂದ ಕ್ಲಬ್ಬದು. ಬೀಳುವುದಕ್ಕೂ ಏಳುವುದಕ್ಕೂ ದಾರಿ ತೆರೆದಿದ್ದರಿಂದ ಆ ಕಪ್ ಬಂತು. ಫೆದರ್‌ಸ್ಟೋನ್‌ನ ಹಿರಿಯರು ಕೇಳುವುದು ಅಷ್ಟನ್ನೇ. ಕೃಪಾಂಕ ಬೇಡ, ಗೆದ್ದರೆ ಬಾಗಿಲು ತೆರೆಯಲಿ.

ಭಾನುವಾರ, ಬ್ರಾಮ್ಲಿ ಮತ್ತು ಕೀತ್ಲಿ

ಬೆಳಿಗ್ಗೆ ಲೀಡ್ಸ್ ನಗರದ ಅಂಚಿನ ಬ್ರಾಮ್ಲಿ. ಇಲ್ಲಿ ನೋಡಲು ಏನೂ ಇಲ್ಲ, ಅದಕ್ಕಾಗಿಯೇ ಬಂದೆ. ಬ್ರಾಮ್ಲಿಯ ಮೈದಾನ ಮೆಕ್‌ಲಾರೆನ್ ಫೀಲ್ಡ್ ತೊಂಬತ್ತರ ದಶಕದಲ್ಲಿ ಮಾರಾಟವಾಗಿ ಮನೆಗಳೆದ್ದವು. ಮೈದಾನ ಕಳೆದುಕೊಂಡ ಕ್ಲಬ್ಬು ಪರರ ಅಂಗಳದಲ್ಲಿ ಆಡಿ ಆಡಿ 1999ರಲ್ಲಿ ವೃತ್ತಿಪರ ಲೀಗಿನಿಂದ ಹೊರಬಿತ್ತು. ಅಭಿಮಾನಿಗಳು ಸುಮ್ಮನಿರದೆ ತಾವೇ ಒಡೆಯರಾದ ಒಂದು ಸಂಘ ಕಟ್ಟಿ 2004ರಲ್ಲಿ ಬ್ರಾಮ್ಲಿ ಬಫಲೋಸ್ ಹೆಸರಿನಲ್ಲಿ ಮತ್ತೆ ತಂಡ ಇಳಿಸಿದರು. ಕೆಳಗಿನ ಹಂತದ ಆಟ, ಆದರೆ ಊರಿನ ಹೆಸರು ಅಂಗಿಯ ಮೇಲೆ ಉಳಿಯಿತು. ಪಕ್ಕದ ಹನ್ಸ್‌ಲೆಟ್ ಕಥೆಯೂ ಹೀಗೇ. 1973ರಲ್ಲಿ ಪಾರ್ಕ್‌ಸೈಡ್ ಮೈದಾನ ಮಾರಿ ಕ್ಲಬ್ಬು ವಿಸರ್ಜನೆಯಾಯಿತು. ಹಳೆಯ ಆಟಗಾರ ಜೆಫ್ ಗನ್ನಿ ಮತ್ತು ಸಂಗಡಿಗರು ಅದೇ ವರ್ಷ ‘ನ್ಯೂ ಹನ್ಸ್‌ಲೆಟ್’ ಎಂದು ಮತ್ತೆ ಎಬ್ಬಿಸಿದರು. ಈ ಕಥೆಗಳಲ್ಲೆಲ್ಲ ಮೊದಲ ಪೆಟ್ಟು ಬೀಳುವುದು ನೆಲಕ್ಕೆ. ಸಣ್ಣ ಕ್ಲಬ್ಬಿನ ಅಭಿಮಾನಿಗಳು ಕೋಚ್ ಯಾರೆಂದು ಕೇಳುವ ಮೊದಲು ಮೈದಾನದ ಪತ್ರ ಯಾರ ಹೆಸರಿನಲ್ಲಿದೆ ಎಂದು ಕೇಳಬೇಕು.

ಮಧ್ಯಾಹ್ನ ಕೀತ್ಲಿಗೆ. ಉಗಿಬಂಡಿ ನೋಡಲು ಬಂದ ಪ್ರವಾಸಿಗರ ನಡುವೆ ನಾನೊಬ್ಬನೇ ರಗ್ಬಿ ಮೈದಾನ ಕೂಗರ್ ಪಾರ್ಕ್ ದಾರಿ ಕೇಳಿದವನು. ತೊಂಬತ್ತರ ದಶಕದ ಆರಂಭದಲ್ಲಿ ಇಲ್ಲಿ ಸಂಗೀತ, ಪಟಾಕಿ, ಕುಣಿಯುವ ಗೊಂಬೆಗಳಿಂದ ಪಂದ್ಯವನ್ನು ಮನೆಮಂದಿಯ ಹಬ್ಬವನ್ನಾಗಿ ಮಾಡಿದರು. ಅದಕ್ಕೆ ‘ಕೂಗರ್‌ಮೇನಿಯಾ’ ಎಂಬ ಹೆಸರೇ ಬಂತು. 1995ರಲ್ಲಿ ಕೀತ್ಲಿ ಎರಡನೆಯ ವಿಭಾಗ ಗೆದ್ದಿತು. ಮೇಲೆ ಹೋಗಬೇಕಾದ ಕ್ಲಬ್ಬಿಗೆ ಸೂಪರ್ ಲೀಗಿನ ಹೊಸ ವ್ಯವಸ್ಥೆಯಲ್ಲಿ ಜಾಗವಿಲ್ಲ ಎಂದರು. 1999ರಲ್ಲಿ ಹನ್ಸ್‌ಲೆಟ್ 12–11ರಿಂದ ಡ್ಯೂಸ್‌ಬರಿಯನ್ನು ಸೋಲಿಸಿ ಫೈನಲ್ ಗೆದ್ದರೂ ಬಿಡಲಿಲ್ಲ. ಮರುವರ್ಷ ಡ್ಯೂಸ್‌ಬರಿ 13–12ರಿಂದ ಲೀ ವಿರುದ್ಧ ಗೆದ್ದಿತು, ಅದನ್ನೂ ಬಿಡಲಿಲ್ಲ. ಅಂಕಪಟ್ಟಿ ಬಂದದ್ದು ಈಗ, ಬಾಗಿಲು ಮುಚ್ಚುವ ಅಭ್ಯಾಸ ಹಳೆಯದು. ಆಟ ಈಗ ಕಂಡುಕೊಂಡಿದ್ದೇವೆ ಎನ್ನುವ ರಂಗನ್ನೆಲ್ಲ ಮೊದಲು ತೋರಿಸಿದ್ದು ಕೀತ್ಲಿ. ಅದಕ್ಕೆ ಸಿಕ್ಕ ಪ್ರತಿಫಲ ನೆನೆದರೆ ಹೊಟ್ಟೆ ಉರಿಯುತ್ತದೆ.

ಸೋಮವಾರ, ರೋಚ್‌ಡೇಲ್

ಹ್ಯಾಲಿಫ್ಯಾಕ್ಸ್ ದಾಟಿ, ಹೆಬ್ಡನ್ ಬ್ರಿಜ್ ಕಣಿವೆಯ ಮೂಲಕ ರೈಲು ಲ್ಯಾಂಕಷೈರಿಗೆ ಇಳಿಯುತ್ತದೆ. ಕಿಟಕಿಯಿಂದ ಕಣ್ಣು ತೆಗೆಯಲಾಗಲಿಲ್ಲ.

ರೋಚ್‌ಡೇಲ್‌ನ ಟೋಡ್ ಲೇನ್ ಬೀದಿಯಲ್ಲಿ ಒಂದು ಇಟ್ಟಿಗೆಯ ಅಂಗಡಿಯಿದೆ. 1844ರ ಡಿಸೆಂಬರ್ 21ರ ಸಂಜೆ 28 ಮಂದಿ ತಲಾ ಒಂದು ಪೌಂಡ್ ಕೂಡಿಸಿ ಇಲ್ಲಿ ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್, ಮೇಣದಬತ್ತಿ ಮಾರಲು ಶುರುಮಾಡಿದರು. ಜಗತ್ತಿನ ಸಹಕಾರ ಚಳವಳಿ ತನ್ನ ಆದಿಯೆಂದು ನೆನೆಯುವುದು ಈ ಅಂಗಡಿಯನ್ನು. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘಕ್ಕೂ ಇಲ್ಲಿಂದ ಒಂದು ಎಳೆ ಬರುತ್ತದೆ. ಮೆಟ್ಟಿಲ ಬಳಿ ಚಪ್ಪಲಿ ಕಳಚಿದೆ. ಯಾರೋ ವಿಚಿತ್ರವಾಗಿ ನೋಡಿದರು, ನನಗೆ ಅದು ಸಹಜವಾಗಿತ್ತು.

ಇಂಥ ಊರಿನಲ್ಲಿ ರೋಚ್‌ಡೇಲ್ ಹಾರ್ನೆಟ್ಸ್ ಸಹಕಾರ ಸಂಘವಾಗಿ ಬದುಕಿದ್ದು ಸಹಜವೇ. 1922ರಲ್ಲಿ 10–9ರಿಂದ ಹಲ್ ವಿರುದ್ಧ ಚಾಲೆಂಜ್ ಕಪ್ ಗೆದ್ದ ಕ್ಲಬ್ಬಿದು. ಅದರ ಸ್ವಂತ ಅಥ್ಲೆಟಿಕ್ ಗ್ರೌಂಡ್ಸ್ ಮೈದಾನದಲ್ಲಿ 1924ರ ಕಪ್ ಫೈನಲ್ ನಡೆದಿತ್ತು. ಎಂಬತ್ತರ ದಶಕದಲ್ಲಿ ಅದು ಮಾರಾಟವಾಗಿ ಈಗ ಅಲ್ಲಿ ಸೂಪರ್‌ಮಾರ್ಕೆಟ್ಟಿದೆ. ನಾನು ಅಲ್ಲಿಂದಲೇ ನೀರಿನ ಬಾಟಲಿ ಕೊಂಡೆ. ಕ್ಲಬ್ಬು ಫುಟ್‌ಬಾಲ್ ತಂಡದ ಸ್ಪಾಟ್‌ಲ್ಯಾಂಡ್ ಅಂಗಳಕ್ಕೆ ಹೋಯಿತು. ಹಣ ಖಾಲಿಯಾದಾಗ ಅಭಿಮಾನಿಗಳು ಷೇರು ಹಾಕಿ ಸಹಕಾರ ಸಂಘವಾದರು, ಒಬ್ಬ ಸದಸ್ಯನಿಗೆ ಒಂದು ಮತ. ಆ ವರ್ಷಗಳಲ್ಲೇ 2016ರಲ್ಲಿ ಅವರು ಫ್ರಾನ್ಸಿಗೆ ಹೋಗಿ, ಶ್ರೀಮಂತ ಟೂಲೂಸ್ ತಂಡವನ್ನು ಅದರ ಮನೆಯಂಗಳದಲ್ಲೇ 24–22ರಿಂದ ಸೋಲಿಸಿ ಬಡ್ತಿ ಪಡೆದರು.

ಆದರೆ 2019ರ ಹೊತ್ತಿಗೆ ಸಾಲ ಮೈಮೇಲೆ ಬಂದು, ಸದಸ್ಯರೇ ಮತ ಹಾಕಿ ಕ್ಲಬ್ಬನ್ನು ಖಾಸಗಿ ಹೂಡಿಕೆದಾರರಿಗೆ ಒಪ್ಪಿಸಿದರು. ಸಹಕಾರದ ತವರಿನಲ್ಲೇ ಹೀಗಾದದ್ದು ನನ್ನನ್ನು ಬಹಳ ಕಾಡಿತು. ಕ್ಲಬ್ಬಿನ ಅಂಗಿ ತೊಟ್ಟಿದ್ದ ಒಬ್ಬ ಮಹಿಳೆ, ಬಸ್ ನಿಲ್ದಾಣದಲ್ಲಿ ಮಾತಿಗೆ ಸಿಕ್ಕವರು, ನನಗಿಂತ ಸಮಾಧಾನದಿಂದ ಹೇಳಿದರು: ಸಹಕಾರ ಸಂಘ ಕ್ಲಬ್ಬನ್ನು ಸಾಯಲು ಬಿಡಲಿಲ್ಲ, ಅದು ಸಾಲದೇ? ಬೆಳೆಸಲು ಬಂಡವಾಳ ಬೇಕು, ಮೇಲಿನಿಂದ ಹಂಚಿಕೆಯಾಗುವ ಹಣ ಕೆಳಗಿನವರಿಗೆ ವರ್ಷ ವರ್ಷ ಕಡಿಮೆಯಾದರೆ ಅಭಿಮಾನಿಗಳ ಜೇಬು ಎಷ್ಟು ದಿನ ತಡೆದೀತು? ಅವರ ಮಾತು ಸರಿ. ಅಭಿಮಾನಿಗಳ ಒಡೆತನ ಬೇಕೇ ಬೇಕು, ಕನಿಷ್ಠ ಮೈದಾನ, ಬಣ್ಣ, ಹೆಸರಿನ ಮೇಲಾದರೂ ಅವರ ಮತವಿಲ್ಲದೆ ಏನೂ ಆಗಬಾರದು. ಜೊತೆಗೆ ಟಿವಿ ಹಣದಲ್ಲಿ ಕೆಳಗಿನ ವಿಭಾಗಗಳಿಗೆ ಇಷ್ಟು ಪಾಲು ಎಂದು ಹಲವು ವರ್ಷಗಳಿಗೆ ಒಮ್ಮೆಗೇ ನಿಗದಿಯಾಗಬೇಕು. ಮುಂದಿನ ವರ್ಷ ಎಷ್ಟು ಬರುತ್ತದೆಂದು ತಿಳಿಯದ ಖಜಾಂಚಿ ಆಟಗಾರನಿಗೆ ಏನು ಮಾತು ಕೊಡಬಲ್ಲ?

2025ರ ವಸಂತದಲ್ಲಿ ನೈಜೆಲ್ ವುಡ್ ರಗ್ಬಿ ಲೀಗ್ ಆಡಳಿತಕ್ಕೆ ಹಂಗಾಮಿ ಅಧ್ಯಕ್ಷರಾಗಿ ಮರಳಿದ್ದರು, ಇಡೀ ವ್ಯವಸ್ಥೆಯ ಮರುಪರಿಶೀಲನೆ ನಡೆದಿತ್ತು. ಬಸ್ಸು ಬರುವವರೆಗೂ ಆಕೆ ಅದರ ಬಗ್ಗೆಯೇ ಮಾತಾಡಿದರು. ಪರಿಶೀಲಿಸುವವರು ಒಂದು ದಿನ ಅಭಿಮಾನಿಗಳ ಬಸ್ಸಿನಲ್ಲಿ ಕುಳಿತು ಹೊರ ಊರಿನ ಪಂದ್ಯಕ್ಕೆ ಬರಲಿ ಎಂಬುದು ಅವರ ಬೇಡಿಕೆ.

ಮಂಗಳವಾರ, ವೇಕ್‌ಫೀಲ್ಡ್

ಸಂಜೆ ಇಂಚರಳ ಅಭ್ಯಾಸ. ಈ ವಯಸ್ಸಿನಲ್ಲಿ ಹುಡುಗ ಹುಡುಗಿಯರು ಒಟ್ಟಿಗೇ ಆಡುತ್ತಾರೆ. ನಮ್ಮ ಹುಡುಗಿ ವೇಕ್‌ಫೀಲ್ಡ್ ಟ್ರಿನಿಟಿಯ ಅಂಗಿ ತೊಟ್ಟು, ಬಾಯಿಗೆ ಹಲ್ಲಿನ ಕವಚ ಕಚ್ಚಿ, ತನಗಿಂತ ತಲೆಯೆತ್ತರದ ಹುಡುಗನ ಮೊಣಕಾಲಿಗೆ ಬಿದ್ದಳು. ಕೆನ್ನೆಯನ್ನು ತೊಡೆಗೆ ಒತ್ತಿ, ಎರಡು ಕೈಯನ್ನೂ ಬಿಗಿದು ಬೀಗ ಹಾಕಿದಳು. ಹುಡುಗ ಮರ ಉರುಳಿದ ಹಾಗೆ ಉರುಳಿದ. ಎದ್ದು ಬಂದು, “ಮಾಮ, ನೋಡಿದೆಯಾ? ತಲೆಯನ್ನು ಯಾವಾಗಲೂ ಹಿಂದಿನ ಬದಿಗೆ ಇಡಬೇಕು” ಎಂದು ನನಗೆ ಪಾಠ ಮಾಡಿದಳು.

ಅಭ್ಯಾಸ ಮುಗಿದ ಮೇಲೆ ಕೋಚ್ ಪೋಷಕರನ್ನೆಲ್ಲ ಕರೆದರು. ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು ಅಂಚಿನಲ್ಲಿ ಇಲ್ಲದೆ ಪಂದ್ಯ ಆರಂಭಿಸುವಂತಿಲ್ಲ. ಇದ್ದ ಒಬ್ಬರು ಊರು ಬಿಟ್ಟು ಹೋಗುತ್ತಿದ್ದಾರೆ, ಬೇರೆ ಯಾರೂ ಸಿಕ್ಕಿಲ್ಲ, ಹೀಗೇ ಆದರೆ ಜುಲೈಯಿಂದ ಈ ವಯೋಮಾನದ ತಂಡವನ್ನೇ ನಿಲ್ಲಿಸಬೇಕಾದೀತು. ಎಲ್ಲರೂ ನೆಲ ನೋಡಿದರು. ತಂಗಿ ನನ್ನ ಕಡೆ ತಿರುಗಿದಳು.

“ಅಣ್ಣ, ಭಾನುವಾರಗಳಲ್ಲಿ ಎರಡು ದಿನ ನನಗೆ ಡ್ಯೂಟಿ ಇರುತ್ತದೆ.”

“ಉಳಿದವು?”

ಅವಳು ಉತ್ತರಿಸದೆ ಮೊಬೈಲಿನಲ್ಲಿ ಆಸ್ಪತ್ರೆಯ ಪಾಳಿಪಟ್ಟಿ ತೆರೆದು ಕೋಚ್ ಬಳಿಗೆ ನಡೆದಳು. ಇಬ್ಬರೂ ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು, ಸೆಪ್ಟೆಂಬರ್‌ವರೆಗಿನ ಒಂದೊಂದು ಪಂದ್ಯದ ತಾರೀಖಿಗೂ ಗುರುತು ಹಾಕತೊಡಗಿದರು. ತಪ್ಪಿಹೋಗುವ ಭಾನುವಾರಗಳಿಗೆ ತನ್ನ ವಾರ್ಡಿನ ಕೇರಳದ ಗೆಳತಿಯನ್ನು ಒಪ್ಪಿಸುತ್ತೇನೆ ಎಂದು ಅವಳು ಹೇಳುವುದು ಕೇಳಿಸಿತು. ಪ್ರಥಮ ಚಿಕಿತ್ಸೆಯ ಚೀಲದಲ್ಲಿ ಏನೇನಿದೆ ಎಂದು ಕೇಳಿದಳು. ಕೋಚ್ ತೆರೆದು ತೋರಿಸಿದರು. ಅರ್ಧ ಸುರುಳಿ ಪಟ್ಟಿ, ಅವಧಿ ಮುಗಿದ ಎರಡು ಐಸ್ ಪ್ಯಾಕು, ಒಂದು ಕತ್ತರಿ. ತಂಗಿ ಅಲ್ಲೇ ನಿಂತು ತರಬೇಕಾದ ಸಾಮಾನಿನ ಪಟ್ಟಿ ಬರೆಸಲು ಶುರುಮಾಡಿದಳು.